ತೇಜಸ್ವಿ ಮತ್ತು ಕನ್ನಡದ ಕೀಲಿಮಣೆ

ವೀಕೆಂಡ್ ಬಂತು ಅಂದ್ರೆ ನಮ್ಮ ಹಾಸ್ಟೆಲ್‌ಗಳಲ್ಲಿ ಮೊದಲು ಕೇಳಿಬರುವ ಊರಿನ ಹೆಸರು ಸಕಲೇಶಪುರ. ಹಾಸನ ಬಿಟ್ಟು ಆಲೂರು, ಬಾಳ್ಳುಪೇಟೆ ದಾಟುತ್ತಿದ್ದಂತೆ ಬಯಲು ಮುಗಿದು ಗುಡ್ಡ ಶುರುವಾಗುತ್ತದೆ, ಕಾಫಿ ತೋಟಗಳು ಬರುತ್ತವೆ, ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಹೆಚ್ಚಿನವರು ಮಂಜರಾಬಾದ್ ಕೋಟೆ ಹತ್ತಿ ಫೋಟೊ ತೆಗೆದುಕೊಂಡು ವಾಪಸ್ ಬರ್ತಾರೆ. ಸಕಲೇಶಪುರದಿಂದ ಉತ್ತರಕ್ಕೆ ಇನ್ನೊಂದು ರಸ್ತೆ ಇದೆ, ಅದು ಮೂಡಿಗೆರೆಗೆ ಹೋಗುತ್ತದೆ. ಜಿಲ್ಲೆ ಮಾತ್ರ ಬೇರೆ, ಚಿಕ್ಕಮಗಳೂರು. ಗುಡ್ಡ ಅದೇ, ಮಳೆ ಅದೇ, ಜಿಗಣೆಯೂ ಅದೇ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯೇ ಸಕಲೇಶಪುರದ ಮೂಲಕ ಹರಿದು ನಮ್ಮ ಗೊರೂರಿನ ಅಣೆಕಟ್ಟಿಗೆ ಬಂದು ನಿಲ್ಲುವುದು.

ಆ ಮೂಡಿಗೆರೆಯಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದವರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ‘ಕರ್ವಾಲೊ’ ಓದಿದವರಿಗೆ ಅವರ ಹೆಸರು ಹೇಳಬೇಕಾಗಿಲ್ಲ. ಓದದವರಿಗೂ ‘ಕಿರಗೂರಿನ ಗಯ್ಯಾಳಿಗಳು’ ಸಿನಿಮಾ ನೋಡಿ ಗೊತ್ತಿರುತ್ತೆ. ಅವರು ತೀರಿಕೊಂಡಿದ್ದು 2007ರಲ್ಲಿ. ಆಗ ನಮ್ಮಲ್ಲಿ ಅರ್ಧ ಜನ ತೊಟ್ಟಿಲಲ್ಲಿದ್ದೆವು, ಇನ್ನರ್ಧ ಜನ ಹುಟ್ಟೇ ಇರಲಿಲ್ಲ. ಹಾಗಾಗಿ ನಮಗೆ ಅವರು ಪಠ್ಯಪುಸ್ತಕದ ತೇಜಸ್ವಿ, ಹಕ್ಕಿ ಫೋಟೊದ ತೇಜಸ್ವಿ, ಸ್ಟೇಟಸ್‌ನಲ್ಲಿ ಹಾಕುವ ಕಪ್ಪುಬಿಳುಪು ಗಡ್ಡದ ತೇಜಸ್ವಿ. ಅವರು ತಮ್ಮ ಕೊನೆಯ ವರ್ಷಗಳಲ್ಲಿ ತಲೆ ಕೆಡಿಸಿಕೊಂಡಿದ್ದ ಒಂದು ಸಂಗತಿ ನೇರವಾಗಿ ನಮ್ಮ ಬ್ರಾಂಚಿಗೆ ಸೇರಿದ್ದು. ಅದು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು: ಕೀಲಿಮಣೆ, ಫಾಂಟು, ಎನ್‌ಕೋಡಿಂಗು. ಅವರ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡ್ತಾರೆ. ಇಲ್ಲಿ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ತೀರ್ಥಹಳ್ಳಿ ಸಮೀಪದ ಕುಪ್ಪಳಿಯಲ್ಲಿ. ತಂದೆ ಕುವೆಂಪು, ತಾಯಿ ಹೇಮಾವತಿ. ಓದಿದ್ದು ಮೈಸೂರಿನಲ್ಲಿ, ಕನ್ನಡ ಎಂ.ಎ. ಅಪ್ಪ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು (1956ರಿಂದ 1960), ರಾಷ್ಟ್ರಕವಿ. ಮಗನೂ ಎಂ.ಎ. ಮಾಡಿದ ಮೇಲೆ ಮುಂದಿನ ದಾರಿ ಎಲ್ಲರಿಗೂ ಕಾಣುವಂತಿತ್ತು: ಯಾವುದಾದರೂ ಕಾಲೇಜಿನಲ್ಲಿ ಲೆಕ್ಚರರ್, ಆಮೇಲೆ ಪ್ರೊಫೆಸರ್. ತೇಜಸ್ವಿ ಆ ಕಡೆ ತಲೆ ಹಾಕಲಿಲ್ಲ. ಮೂಡಿಗೆರೆ ಹತ್ತಿರದ ಭೂತನಕಾಡಿನಲ್ಲಿ ಜಮೀನು ಮಾಡಿ ಕಾಫಿ ಬೆಳೆಯಲು ಹೊರಟರು. ಆ ತೋಟಕ್ಕೆ ‘ಚಿತ್ರಕೂಟ’ ಎಂದು ಹೆಸರು. 1966ರಲ್ಲಿ ರಾಜೇಶ್ವರಿಯವರನ್ನು ಮದುವೆಯಾದರು, ಪುರೋಹಿತರಿಲ್ಲದ, ಆಡಂಬರವಿಲ್ಲದ ಮಂತ್ರಮಾಂಗಲ್ಯದ ಮದುವೆ. ಮುಂದೆ ಮೂಡಿಗೆರೆಯ ಹ್ಯಾಂಡ್‌ಪೋಸ್ಟ್ ಹತ್ತಿರದ ತೋಟಕ್ಕೆ ಬಂದು ನೆಲೆಸಿದರು. ಆ ಮನೆಯ ಹೆಸರು ‘ನಿರುತ್ತರ’.

ಅವರು ಇಂಜಿನಿಯರಿಂಗ್ ಓದಿರಲಿಲ್ಲ ಅನ್ನೋದು ಬಿಟ್ಟರೆ ಎಲ್ಲ ರೀತಿಯಲ್ಲೂ ಇಂಜಿನಿಯರೇ. ಕ್ಯಾಮೆರಾ, ಸ್ಕೂಟರು, ಗಾಳ, ಕೋವಿ, ಸಿತಾರ್, ಯಾವುದು ಕೈಗೆ ಸಿಕ್ಕಿದರೂ ಅದು ಹೇಗೆ ಕೆಲಸ ಮಾಡುತ್ತೆ ಎಂದು ಒಳಗೆ ನೋಡದೆ ಬಿಡುವವರಲ್ಲ. ಕಾಡಿನೊಳಗೆ ಗಂಟೆಗಟ್ಟಲೆ ಕೂತು ಹಕ್ಕಿಗಳ ಚಿತ್ರ ತೆಗೆದರು. ಕೆರೆ ಹೊಳೆಗಳ ದಡದಲ್ಲಿ ಮೀನಿಗಾಗಿ ಕಾದು ಕೂತರು. ಅವರ ಪುಸ್ತಕಗಳಲ್ಲಿ ಬರುವ ಜನರೂ ಇಂಥವರೇ. ‘ಕರ್ವಾಲೊ’ ಕಾದಂಬರಿಯಲ್ಲಿ ಒಬ್ಬ ದೊಡ್ಡ ವಿಜ್ಞಾನಿ ಇದ್ದಾನೆ, ಆದರೆ ಹಾರುವ ಓತಿಯನ್ನು ಕಂಡಿರುವವನು ಹಳ್ಳಿಯ ಮಂದಣ್ಣ. ಜ್ಞಾನ ಎಲ್ಲಿರುತ್ತೆ, ಯಾರ ಹತ್ತಿರ ಇರುತ್ತೆ, ಅದನ್ನು ಯಾವ ಭಾಷೆಯಲ್ಲಿ ಬರೆದಿಡಬೇಕು ಎಂಬ ಪ್ರಶ್ನೆ 1980ರಲ್ಲಿ ಬಂದ ಆ ಪುಸ್ತಕದಲ್ಲೇ ಇದೆ.

ಸಾಹಿತ್ಯದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ, ಅದು ಎಲ್ಲ ಕಡೆ ಸಿಗುತ್ತೆ. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಬಂತು. ಅದರ ಮುನ್ನುಡಿಯಲ್ಲಿ ಅವರು ಆಗಿನ ನವ್ಯ ಸಾಹಿತ್ಯದ ದಾರಿ ಬಿಟ್ಟು ಬೇರೆ ಕಡೆ ಹೊರಟಿರುವುದಾಗಿ ಹೇಳಿ, ಲೋಹಿಯಾ ಚಿಂತನೆ, ಕುವೆಂಪು ಕೃತಿಗಳು ಮತ್ತು ಕಾರಂತರ ಜೀವನದ ಪ್ರಯೋಗಶೀಲತೆಯನ್ನು ನೆನೆದರು. 1985ರ ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1994ರಲ್ಲಿ ‘ಜುಗಾರಿ ಕ್ರಾಸ್’. 2001ರಲ್ಲಿ ಪಂಪ ಪ್ರಶಸ್ತಿ. ‘ತಬರನ ಕಥೆ’ ಗಿರೀಶ್ ಕಾಸರವಳ್ಳಿಯವರ ಕೈಯಲ್ಲಿ ಸಿನಿಮಾ ಆಗಿ ಸ್ವರ್ಣಕಮಲ ಪಡೆಯಿತು. ಆ ತಬರ ಒಬ್ಬ ಬಡ ಸರ್ಕಾರಿ ನೌಕರ, ತನಗೆ ಬರಬೇಕಾದ ದುಡ್ಡಿಗಾಗಿ ಕಚೇರಿಯಿಂದ ಕಚೇರಿಗೆ ಕಾಗದ ಹಿಡಿದು ಅಲೆಯುವವನು. ಈ ತಬರನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತಾನೆ.

‘ಜುಗಾರಿ ಕ್ರಾಸ್’ ಆದ ಮೇಲೆ ಓದುಗರು ಮುಂದಿನ ದೊಡ್ಡ ಕಥಾಕೃತಿಗೆ ವರ್ಷಗಟ್ಟಲೆ ಕಾಯಬೇಕಾಯಿತು. ‘ಮಾಯಾಲೋಕ’ ಬಂದದ್ದು ಅವರ ಬದುಕಿನ ಕೊನೆಯ ಹೊತ್ತಿಗೆ. ನಡುವೆ ಅವರು ಸುಮ್ಮನೆ ಕೂತಿರಲಿಲ್ಲ. ಮಿಲೆನಿಯಂ ಸರಣಿಯ ಪುಸ್ತಕಗಳು, ಹಕ್ಕಿಗಳ ಪುಸ್ತಕಗಳು ಎಲ್ಲ ಬಂದವು. ಇದೇ ಅವಧಿಯಲ್ಲಿ, ವಯಸ್ಸು ಅರವತ್ತರ ಹತ್ತಿರ ಬರುತ್ತಿದ್ದಾಗ, ಅವರು ಕಂಪ್ಯೂಟರಿನ ಮುಂದೆ ಕೂತರು. ತೆಗೆದ ಚಿತ್ರಗಳನ್ನು ತಿದ್ದುವುದು, ಬಣ್ಣ ಬಳಿಯುವುದು, ಪುಟದಲ್ಲಿ ಅಕ್ಷರ ಮತ್ತು ಚಿತ್ರ ಹೇಗೆ ಕೂರಬೇಕೆಂದು ನೋಡುವುದು ಅವರಿಗೆ ಹೊಸ ಆಟವಾಯಿತು. ‘ಮಾಯಾಲೋಕ’ದ ಪುಟಗಳನ್ನು ತಿರುವಿದರೆ ಆ ಆಟದ ಗುರುತು ಸಿಗುತ್ತದೆ. ನಮ್ಮ ಲೈಬ್ರರಿಯಲ್ಲಿ ಇದ್ದರೆ ತೆಗೆದು ನೋಡಿ.

ಆದರೆ ಕಂಪ್ಯೂಟರಿನಲ್ಲಿ ಕನ್ನಡದ ವಿಷಯಕ್ಕೆ ಬಂದಾಗ ಆಟ ಕೆಟ್ಟಿತು. ಏಕೆ ಅನ್ನೋದು ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನಾವು ದಿನಾ ಕುಟ್ಟುವ ಕೀಲಿಮಣೆ ಕಂಪ್ಯೂಟರಿಗಾಗಿ ಹುಟ್ಟಿದ್ದಲ್ಲ. ಅಮೆರಿಕದ ಕ್ರಿಸ್ಟಫರ್ ಶೋಲ್ಸ್ ಮತ್ತು ಜೊತೆಗಾರರು 1868ರಲ್ಲಿ ಪೇಟೆಂಟ್ ಪಡೆದ ಟೈಪ್‌ರೈಟರಿನ ವಂಶ ಅದು. 1878ರ ರೆಮಿಂಗ್ಟನ್ ಯಂತ್ರದಲ್ಲಿ ಶಿಫ್ಟ್ ಕೀಲಿ ಬಂತು. ಒತ್ತಿದರೆ ಯಂತ್ರದ ಒಳಗಿನ ಭಾಗ ನಿಜವಾಗಿಯೂ ಜರುಗಿ, ಅದೇ ಕಡ್ಡಿಯ ಮೇಲಿದ್ದ ಇನ್ನೊಂದು ಅಕ್ಷರ ಕಾಗದಕ್ಕೆ ಬಡಿಯುತ್ತಿತ್ತು. ಎಂಟರ್ ಕೀಲಿಗೆ ಇವತ್ತಿಗೂ ರಿಟರ್ನ್ ಅನ್ನೋದು ಕಾಗದ ಹೊತ್ತ ಗಾಡಿಯನ್ನು ಸಾಲಿನ ಶುರುವಿಗೆ ತಳ್ಳುತ್ತಿದ್ದ ನೆನಪಿಗೆ. ಬ್ಯಾಕ್‌ಸ್ಪೇಸ್ ಆಗ ಅಳಿಸುತ್ತಿರಲಿಲ್ಲ, ಒಂದು ಮನೆ ಹಿಂದೆ ಹೋಗುತ್ತಿತ್ತು ಅಷ್ಟೆ. ಟ್ಯಾಬ್ ಅಂದರೆ ಟೇಬಲ್ ಬರೆಯುವಾಗ ಅಂಕಣದಿಂದ ಅಂಕಣಕ್ಕೆ ಹಾರುವ ಸೌಕರ್ಯ. ಕಟ್ ಮತ್ತು ಪೇಸ್ಟ್ ಮಾತ್ರ ಟೈಪ್‌ರೈಟರಿನದ್ದಲ್ಲ. ಅದು ಕತ್ತರಿ, ಗೋಂದು ಹಿಡಿದು ಪುಟ ಕಟ್ಟುತ್ತಿದ್ದ ಪತ್ರಿಕಾ ಕಚೇರಿಯ ಮೇಜಿನಿಂದ ಬಂದದ್ದು. ಮೊದಲ ಸೆಮಿಸ್ಟರಿನಲ್ಲಿ ವರ್ಡ್ ಪ್ರೊಸೆಸಿಂಗ್ ಕಲಿಸುವಾಗ ಈ ಹೆಸರುಗಳನ್ನು ಬಾಯಿಪಾಠ ಮಾಡಿಸ್ತಾರೆ. ಪ್ರತಿಯೊಂದರ ಹಿಂದೆಯೂ ಒಂದು ಕಬ್ಬಿಣದ ಸನ್ನೆಯೋ ಕತ್ತರಿಯೋ ಇದೆ ಅಂತ ಯಾರೂ ಹೇಳೋದಿಲ್ಲ.

ಇಂಗ್ಲಿಷಿಗೆ 26 ಅಕ್ಷರ, ಶಿಫ್ಟ್ ಸೇರಿ 52. ಕನ್ನಡಕ್ಕೆ? ವರ್ಣಮಾಲೆ ಐವತ್ತರ ಆಸುಪಾಸು, ಆದರೆ ಕಾಗುಣಿತ, ಒತ್ತಕ್ಷರ ಸೇರಿದರೆ ಕಾಗದದ ಮೇಲೆ ಕಾಣುವ ಆಕಾರಗಳು ಸಾವಿರಗಟ್ಟಲೆ. ಕನ್ನಡ ಟೈಪ್‌ರೈಟರಿನ ಕೀಲಿಮಣೆ ರೂಪಿಸಿದ ಅನಂತಸುಬ್ಬರಾಯರು ಆಕಾರಗಳನ್ನು ತುಂಡು ಮಾಡಿ, ಕೆಲವೇ ಕೀಲಿಗಳಲ್ಲಿ ಕೂರಿಸಿದರು. ತಲೆಕಟ್ಟು ಒಂದು ಕಡೆ, ಗುಡಿಸು ಇನ್ನೊಂದು ಕಡೆ, ಒತ್ತು ಮತ್ತೊಂದು ಕಡೆ. ಟೈಪಿಸ್ಟ್ ಅವನ್ನು ಜೋಡಿಸಿ ಅಕ್ಷರ ಕಟ್ಟಬೇಕು. ಆ ಕಾಲಕ್ಕೆ ಅದು ದೊಡ್ಡ ಸಾಧನೆಯೇ.

ತೊಂದರೆ ಏನಾಯಿತೆಂದರೆ, ಕಂಪ್ಯೂಟರ್ ಬಂದ ಮೇಲೂ ಕನ್ನಡದ ತಂತ್ರಾಂಶ ಮಾಡಿದವರು ಆಕಾರಗಳನ್ನೇ ಕೂಡಿಟ್ಟರು. ಇಂಗ್ಲಿಷ್ ಅಕ್ಷರಗಳಿಗೆ ಇದ್ದ 256 ಕೋಡುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ತುಂಬಿದರು. ಪರದೆಯ ಮೇಲೆ ನಮಗೆ ಕಾಣುವುದು ‘ಕನ್ನಡ’ ಎಂಬ ಪದ. ಆದರೆ ಹಳೆಯ ನುಡಿ ಫಾಂಟಿನ ಕಡತದ ಒಳಗೆ ನಿಜವಾಗಿ ಇದ್ದದ್ದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀರು ಇರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೊಮ್ಮೆ ಎ. ಅಂದರೆ ಕಂಪ್ಯೂಟರಿಗೆ ಅಲ್ಲಿ ಕನ್ನಡವೇ ಇಲ್ಲ. ಫಾಂಟ್ ಎಂಬ ವೇಷ ಕಳಚಿದರೆ ಕೆಳಗೆ ಕಸ. ಹಳೆಯ ಸರ್ಕಾರಿ ಕಡತವನ್ನೋ ಹಳೆಯ ಪಿಡಿಎಫ್‌ನಿಂದ ಕಾಪಿ ಮಾಡಿದ್ದನ್ನೋ ವಾಟ್ಸಾಪ್‌ಗೆ ಪೇಸ್ಟ್ ಮಾಡಿದಾಗ ಬರುವ ವಿಚಿತ್ರ ಗುರುತುಗಳನ್ನು ನೀವೂ ನೋಡಿರ್ತೀರಿ. ಇದೇ ಅದು.

ಅದೂ ಎಲ್ಲರದ್ದೂ ಒಂದೇ ವೇಷವಾಗಿದ್ದರೆ ಹೇಗೋ ನಡೀತಿತ್ತು. ಶ್ರೀಲಿಪಿಯವರದ್ದೊಂದು ಜೋಡಣೆ, ಆಕೃತಿಯವರದ್ದೊಂದು, ಪ್ರಕಾಶಕ್‌ನವರದ್ದೊಂದು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯದು. ಲೇಖಕ ಒಂದು ತಂತ್ರಾಂಶದಲ್ಲಿ ಪುಸ್ತಕ ಟೈಪ್ ಮಾಡಿಸಿ, ಪ್ರೆಸ್ಸಿನವರ ಬಳಿ ಬೇರೆಯದಿದ್ದರೆ, ಇಡೀ ಪುಸ್ತಕ ಮತ್ತೆ ಟೈಪ್ ಆಗಬೇಕು, ಮತ್ತೆ ಕರಡು ತಿದ್ದಬೇಕು. ಹುಡುಕು ಎಂದರೆ ಹುಡುಕುವುದಿಲ್ಲ. ಅಕಾರಾದಿಯಾಗಿ ಜೋಡಿಸು ಎಂದರೆ ಇಂಗ್ಲಿಷ್ ಕೋಡಿನ ಕ್ರಮದಲ್ಲಿ ಜೋಡಿಸಿ ಕೊಡುತ್ತದೆ. ನಿಘಂಟು, ಮತದಾರರ ಪಟ್ಟಿ, ಪಹಣಿ, ಲೈಬ್ರರಿಯ ಕ್ಯಾಟಲಾಗು, ಇವೆಲ್ಲ ನಿಂತಿರುವುದೇ ಹುಡುಕುವುದರ ಮೇಲೆ ಮತ್ತು ಜೋಡಿಸುವುದರ ಮೇಲೆ. ಈ ಎರಡು ಕೆಲಸ ಮಾಡಲಾಗದ ಭಾಷೆಗೆ ಕಂಪ್ಯೂಟರ್ ಒಂದು ದುಬಾರಿ ಟೈಪ್‌ರೈಟರ್ ಅಷ್ಟೆ.

ತೇಜಸ್ವಿ ಬರಹಗಾರರ ಪೈಕಿ ಇದನ್ನು ಬಹಳ ಬೇಗ ಹಿಡಿದರು. ಅಂಗಡಿ ಬೋರ್ಡು ಕನ್ನಡದಲ್ಲಿರಬೇಕು, ಸಿನಿಮಾ ಕನ್ನಡದಲ್ಲಿರಬೇಕು ಎಂಬ ಹೋರಾಟಗಳು ಜೋರಾಗಿದ್ದ ಕಾಲದಲ್ಲಿ ಅವರ ಆತಂಕ ಬೇರೆಯೇ ಇತ್ತು. ಮುಂದೆ ಕಚೇರಿ, ಬ್ಯಾಂಕು, ವಿಜ್ಞಾನ, ಪತ್ರವ್ಯವಹಾರ ಎಲ್ಲವೂ ಕಂಪ್ಯೂಟರಿನ ಮೂಲಕವೇ ಆಗುವುದಾದರೆ, ಅದರೊಳಗೆ ಬದುಕಲಾರದ ಭಾಷೆ ಮನೆಮಾತಾಗಿ ಉಳಿದೀತೇ ಹೊರತು ಕೆಲಸದ ಭಾಷೆಯಾಗಿ ಉಳಿಯುವುದಿಲ್ಲ. ಅಪ್ಪ ಕುಲಪತಿಯಾಗಿದ್ದಾಗ ವಿಜ್ಞಾನವನ್ನೂ ಕನ್ನಡದಲ್ಲಿ ಕಲಿಸಬಹುದೆಂದು ಪಟ್ಟು ಹಿಡಿದು ಪಠ್ಯಪುಸ್ತಕ ಬರೆಸಿದ್ದರು. ಮಗನ ಕಾಲಕ್ಕೆ ಅದೇ ಜಗಳ ಪುಸ್ತಕದಿಂದ ಕಡತಕ್ಕೆ ಬಂದು ನಿಂತಿತ್ತು ಅನ್ನಬಹುದು. ಅವರು ಈ ಬಗ್ಗೆ ಬರೆದರು, ಮಾತಾಡಿದರು, ಸರ್ಕಾರದ ಮೇಲೂ ವಿಶ್ವವಿದ್ಯಾಲಯಗಳ ಮೇಲೂ ಒತ್ತಡ ತಂದರು. ಕನ್ನಡದ ಮೂಲ ತಂತ್ರಾಂಶ ಯಾರೋ ಒಬ್ಬ ಮಾರಾಟಗಾರನ ಬೀಗದ ಕೀಲಿಯಾಗಿರಬಾರದು, ಅದು ಎಲ್ಲರಿಗೂ ಮುಕ್ತವಾಗಿ ಸಿಗಬೇಕು, ಎಲ್ಲರ ಕಡತವೂ ಎಲ್ಲರಲ್ಲೂ ತೆರೆಯಬೇಕು ಎಂಬುದು ಅವರ ನಿಲುವಿನ ತಿರುಳು.

ಅವರು ಮಾತಿಗೇ ನಿಲ್ಲಿಸಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನು ಈ ಕೆಲಸಕ್ಕೆ ಎಳೆದುತಂದರು. ಅಲ್ಲಿಂದ ‘ಕುವೆಂಪು’ ಎಂಬ ಹೆಸರಿನ ಕನ್ನಡ ತಂತ್ರಾಂಶ ಹೊರಬಂತು. ಅದರ ತಾಂತ್ರಿಕ ಕೆಲಸ ಮಾಡಿದ್ದು ಬೆಂಗಳೂರಿನ ದೊಡ್ಡ ಕಂಪನಿಯೇನಲ್ಲ, ನಮ್ಮ ಹಾಸನದ ತಂತ್ರಾಂಶ ತಯಾರಕರು. ಯೋಚನೆ ಮಾಡಿ, ಹಂಪಿಯ ವಿಶ್ವವಿದ್ಯಾಲಯ, ಮೂಡಿಗೆರೆಯ ಕಾಫಿ ಬೆಳೆಗಾರ, ಹಾಸನದ ಪ್ರೋಗ್ರಾಮರುಗಳು. ನಮಗೆ ಪ್ರಾಜೆಕ್ಟ್ ಗೈಡ್ ಸಿಗಲ್ಲ, ಇಂಟರ್ನ್‌ಶಿಪ್ ಅಂದ್ರೆ ಬೆಂಗಳೂರೇ ಆಗಬೇಕು ಅಂತ ಕೂರುವ ಊರಿನಲ್ಲೇ ಇದು ಆಗಿದ್ದು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಈ ಕ್ಷೇತ್ರದಲ್ಲಿ ತೇಜಸ್ವಿ ಒಬ್ಬರೇ ಇದ್ದರು ಎಂಬಂತೆ ಬರೆಯುವುದು ಸರಿಯಲ್ಲ, ಅವರು ತಂತ್ರಜ್ಞರೂ ಅಲ್ಲ. ಇವತ್ತು ನಾವು ಬಳಸುವ ಕೀಲಿಮಣೆಯ ಮೂಲ ಕಲ್ಪನೆ ಕಿನ್ನಿಕಂಬಳದ ಕೆ.ಪಿ. ರಾಯರದ್ದು. ‘ಸೇಡಿಯಾಪು’ ಎಂಬ ತಂತ್ರಾಂಶ ಮಾಡಿ ಉಚಿತವಾಗಿ ಹಂಚಿದವರು ಅವರು. ಶೇಷಾದ್ರಿ ವಾಸು ಅವರ ‘ಬರಹ’ 1998ರಿಂದ ಹೊರದೇಶದ ಕನ್ನಡಿಗರವರೆಗೂ ಮುಟ್ಟಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಬಂದಿತ್ತು. ಇವರ ನಡುವೆ ವಾದ ವಿವಾದಗಳು ಬೇಕಾದಷ್ಟು ನಡೆದವು, ‘ಕುವೆಂಪು’ ಕೂಡ ಟೀಕೆ ಎದುರಿಸಿತು. ಬಳಕೆಯ ಲೆಕ್ಕದಲ್ಲಿ ನೋಡಿದರೆ ಕೊನೆಗೆ ಉಳಿದದ್ದು ನುಡಿ ಮತ್ತು ಬರಹ. ಆದರೂ ನನಗೆ ಅನ್ನಿಸುವುದು, ತೇಜಸ್ವಿಯಂಥ ಹೆಸರಾಂತ ಕಾದಂಬರಿಕಾರ ಫಾಂಟು, ಕೋಡು ಎಂದು ಮಾತಾಡಿದ್ದರಿಂದಲೇ ಅದು ನಾಲ್ಕು ಜನ ತಂತ್ರಜ್ಞರ ಜಗಳದಿಂದ ಹೊರಬಂದು ಕನ್ನಡದ ಓದುಗರ ಪ್ರಶ್ನೆಯಾಯಿತು. ಅವರು ಆ ಸಮಯದಲ್ಲಿ ಇನ್ನೊಂದು ಕಾದಂಬರಿ ಬರೆಯಬಹುದಿತ್ತಲ್ಲ ಎನ್ನುವವರಿದ್ದಾರೆ. ಇರಬಹುದು. ಆ ಕಾದಂಬರಿಯನ್ನು ಇವತ್ತು ನಾವು ಎಲ್ಲಿ, ಯಾವ ಅಕ್ಷರದಲ್ಲಿ ಓದುತ್ತಿದ್ದೆವು ಎಂಬುದೂ ಪ್ರಶ್ನೆಯೇ.

ಈ ಗೋಜಲಿಗೆ ಉತ್ತರ ಆಗಲೇ ಕಾಗದದ ಮೇಲೆ ಇತ್ತು. ಅದರ ಹೆಸರು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಸಿಕ್ಕಿತ್ತು, ದಶಮಾನದಲ್ಲಿ ಹೇಳುವುದಾದರೆ 3200ರಿಂದ 3327. ಇಲ್ಲಿ ಕೂಡಿಡುವುದು ಆಕಾರಗಳನ್ನಲ್ಲ, ಅಕ್ಷರಗಳನ್ನು. ‘ಕ’ ಅಂದರೆ 3221, ಯಾವ ಫಾಂಟಿನಲ್ಲಾದರೂ, ಯಾವ ದೇಶದ ಕಂಪ್ಯೂಟರಿನಲ್ಲಾದರೂ. ‘ಕ್ಷ’ಗೆ ಪ್ರತ್ಯೇಕ ಕೋಡ್ ಇಲ್ಲ. 3221, 3277, 3255, ಅಂದರೆ ಕ, ಹಲಂತ, ಷ. ಅದನ್ನು ಒಂದೇ ಆಕಾರವಾಗಿ ತೋರಿಸುವುದು ಫಾಂಟಿನ ಕೆಲಸ. ನಮ್ಮ ವ್ಯಾಕರಣದ ಮೇಷ್ಟರು ಸಂಯುಕ್ತಾಕ್ಷರ ಬಿಡಿಸಿ ಎನ್ನುತ್ತಿದ್ದರಲ್ಲ, ಯೂನಿಕೋಡ್ ಮಾಡುವುದೂ ಅದನ್ನೇ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಫಾಂಟಿನ ಜೊತೆ ಕನ್ನಡ ಯೂನಿಕೋಡ್ ನಮ್ಮ ಮನೆಯ ಕಂಪ್ಯೂಟರುಗಳಿಗೆ ಬಂತು. ಆದರೆ ಪ್ರೆಸ್ಸುಗಳು, ಪತ್ರಿಕೆಗಳು, ಕಚೇರಿಗಳು ಹಳೆಯ ಫಾಂಟುಗಳನ್ನು ಬಿಡಲು ಬಹಳ ವರ್ಷ ಹಿಡಿಯಿತು. ತೇಜಸ್ವಿ ಹೋರಾಡಿದ್ದು ಈ ನಡುವಿನ ಕಾಲದಲ್ಲಿ.

ಈಗ ಕೈಗೆ ಕೆಲಸ. ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಟೈಪ್ ಮಾಡೋಕೆ ಬರೋದೇ ಇಲ್ಲ ಎನ್ನುವವರಿಗೆ ಕೆ.ಪಿ. ರಾವ್ ಕೀಲಿಮಣೆಯ ತರ್ಕ ಎರಡು ನಿಮಿಷದ್ದು. ಸರ್ಕಾರ ಒಪ್ಪಿರುವ, ನುಡಿಯಲ್ಲಿ ಇರುವ ಜೋಡಣೆ ಇದರದೇ ರೂಪ. ಇಂಗ್ಲಿಷಿನ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಜಿ ಒತ್ತಿದರೆ ಗ, ಶಿಫ್ಟ್ ಜೊತೆ ಘ. ಅಲ್ಪಪ್ರಾಣ ಬರಿಗೈಲಿ, ಮಹಾಪ್ರಾಣ ಶಿಫ್ಟ್ ಜೊತೆ. ಹ್ರಸ್ವ ದೀರ್ಘಕ್ಕೂ ಅದೇ ನಿಯಮ: ಐ ಒತ್ತಿದರೆ ಇ, ಶಿಫ್ಟ್ ಜೊತೆ ಈ. ವ್ಯಂಜನ ಆದ ಮೇಲೆ ಸ್ವರದ ಕೀಲಿ ಒತ್ತಿದರೆ ಅದೇ ಕಾಗುಣಿತ. ಟ, ಡ ಗಳಿಗೆ ಬೇರೆ ಮನೆ ಬೇಕಲ್ಲ, ಅವು ಮೇಲಿನ ಸಾಲಿನ ಕ್ಯೂ ಮತ್ತು ಡಬ್ಲ್ಯೂಗಳಲ್ಲಿ ಕೂತಿವೆ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಹಾಗಾಗಿ ‘ತೇಜಸ್ವಿ’ ಬರೆಯಲು ಟಿ, ಶಿಫ್ಟ್ ಹಿಡಿದು ಇ, ಜೆ, ಎಸ್, ಎಫ್, ವಿ, ಐ. ಏಳು ಸಲ ಒತ್ತಿದರೆ ಕಡತದಲ್ಲಿ ಏಳು ಕೋಡು ಕೂತಿರುತ್ತದೆ. ‘ಆಲೂರು’ ಇನ್ನೂ ಸುಲಭ: ಶಿಫ್ಟ್ ಎ, ಎಲ್, ಶಿಫ್ಟ್ ಯು, ಆರ್, ಯು. ಉಚ್ಚಾರಣೆ ಗೊತ್ತಿದ್ದವನಿಗೆ ಕಂಠಪಾಠದ ಕೆಲಸವೇ ಕಡಿಮೆ. ವಿಂಡೋಸ್‌ನಲ್ಲಿ ಬರುವ ಇನ್‌ಸ್ಕ್ರಿಪ್ಟ್ ಇನ್ನೊಂದು ದಾರಿ, ಎಡಗೈಗೆ ಸ್ವರ, ಬಲಗೈಗೆ ವ್ಯಂಜನ, ಭಾರತದ ಎಲ್ಲ ಲಿಪಿಗೂ ಒಂದೇ ಜೋಡಣೆ. ಹಿಂದಿಯನ್ನೋ ತೆಲುಗನ್ನೋ ಕೂಡ ಬರೆಯುವವರಿಗೆ ಅದು ಲಾಭ.

ಹೊಸಬರು ಗಾಬರಿಯಾಗುವ ಇನ್ನೊಂದು ಜಾಗ ಬ್ಯಾಕ್‌ಸ್ಪೇಸ್. ‘ಸ್ವಿ’ ಬರೆದು ಒಮ್ಮೆ ಒತ್ತಿದರೆ ಇಡೀ ಅಕ್ಷರ ಹೋಗುವುದಿಲ್ಲ, ಗುಡಿಸು ಮಾತ್ರ ಹೋಗಿ ‘ಸ್ವ’ ಉಳಿಯುತ್ತದೆ. ಇನ್ನೊಮ್ಮೆ ಒತ್ತಿದರೆ ವ ಹೋಗಿ ‘ಸ್’. ಕೆಟ್ಟುಹೋಗಿದೆ ಅಂತ ಅಂದುಕೊಳ್ಳಬೇಡಿ, ಒಂದು ಒತ್ತಿಗೆ ಒಂದು ಕೋಡ್ ಅಳಿಸುತ್ತಿದೆ ಅಷ್ಟೆ. ಅದೇ ಅಕ್ಷರದ ಹಿಂದೆ ಕರ್ಸರ್ ಇಟ್ಟು ಡಿಲೀಟ್ ಒತ್ತಿದರೆ ಸಾಮಾನ್ಯವಾಗಿ ಪೂರ್ತಿ ಅಕ್ಷರವೇ ಹೋಗುತ್ತದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವ ಹೋಗಿ ಟ್‌ನ ಕೆಳಗೆ ಒತ್ತಾಗಿ ಕೂರದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಈ ಕಾಣದ ಅಕ್ಷರ ತಪ್ಪಿದ್ದಕ್ಕೇ ಎಷ್ಟೋ ಸಲ ಹುಡುಕಿದ ಪದ ಸಿಗುವುದಿಲ್ಲ. ಸಿ.ಎಸ್. ಬ್ರಾಂಚಿನವರು ಸ್ಟ್ರಿಂಗ್ ಹೋಲಿಸುವ ಪ್ರೋಗ್ರಾಮನ್ನು ಒಮ್ಮೆ ಕನ್ನಡ ಪದಗಳ ಮೇಲೆ ಓಡಿಸಿ ನೋಡಿ, ಮಜಾ ಇರುತ್ತೆ. ಯುಟಿಎಫ್-8ನಲ್ಲಿ ‘ಕ್ಷ’ ಒಂದೇ ಒಂಬತ್ತು ಬೈಟ್ ತಿನ್ನುತ್ತದೆ ಎಂಬುದನ್ನು ಮರೆತು ಅರೇ ಸೈಜ್ ಇಟ್ಟರೆ ಏನಾಗುತ್ತೆ ಅಂತ ನಾನು ಹೇಳೋದಿಲ್ಲ.

ತಬರನನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. ಆಲೂರಿನಲ್ಲೋ ಸಕಲೇಶಪುರದಲ್ಲೋ ತಾಲ್ಲೂಕು ಕಚೇರಿಯ ಸುತ್ತ ಒಂದು ಸುತ್ತು ಹಾಕಿ. ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ ಎಂದು ಬೋರ್ಡು ಹಾಕಿದ ಪುಟ್ಟ ಅಂಗಡಿಗಳು ಕಾಣುತ್ತವೆ. ಕಾಫಿ ತೋಟದ ಕೂಲಿಯವರು, ಪಿಂಚಣಿಯ ಅಜ್ಜಿಯರು, ಆನೆ ನುಗ್ಗಿ ಗದ್ದೆ ಕಳೆದುಕೊಂಡು ಪರಿಹಾರ ಕೇಳಲು ಬಂದವರು ಬೆಂಚಿನ ಮೇಲೆ ಕೂತಿರುತ್ತಾರೆ. ಒಳಗೆ ಒಬ್ಬ ಹುಡುಗನೋ ಹುಡುಗಿಯೋ ಪಟಪಟ ಅಂತ ಕನ್ನಡ ಕುಟ್ಟುತ್ತಿರುತ್ತಾರೆ. ಆ ಅಜ್ಜಿಯ ಹೆಸರಿನಲ್ಲಿ ಒಂದು ದೀರ್ಘ ಹೆಚ್ಚಾದರೆ, ರೇಷನ್ ಕಾರ್ಡಿನಲ್ಲಿ ಒಂದು ಥರ ಆಧಾರಿನಲ್ಲಿ ಇನ್ನೊಂದು ಥರ ಆದರೆ, ಕಂಪ್ಯೂಟರಿನ ಮಟ್ಟಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಮತ್ತೆ ಅರ್ಜಿ, ಮತ್ತೆ ಬಸ್ಸು, ಒಂದು ದಿನದ ಕೂಲಿ ಹೋಯಿತು. ತಬರನ ಕಾಲದಲ್ಲಿ ಕಾಗದ ಮೇಜಿನ ಮೇಲೆ ಸಿಕ್ಕಿಕೊಳ್ಳುತ್ತಿತ್ತು, ಈಗ ಡೇಟಾಬೇಸಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕನ್ನಡದ ಎನ್‌ಕೋಡಿಂಗು ಸಾಹಿತಿಗಳ ಹವ್ಯಾಸದ ವಿಷಯ ಅಲ್ಲ ಅಂತ ಆ ಬೆಂಚಿನ ಮೇಲೆ ಹತ್ತು ನಿಮಿಷ ಕೂತರೆ ಗೊತ್ತಾಗುತ್ತೆ.

ತೇಜಸ್ವಿ 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. 68 ವರ್ಷ. ಆಗಿನ್ನೂ ಕನ್ನಡದಲ್ಲಿ ಮೆಸೇಜ್ ಬರೆಯುವ ಮೊಬೈಲು ನಮ್ಮ ಊರುಗಳಿಗೆ ಬಂದಿರಲಿಲ್ಲ. ಪತ್ರಿಕೆಗಳ ಜಾಲತಾಣಗಳನ್ನು ಓದಬೇಕಾದರೆ ಅವರದ್ದೇ ಫಾಂಟ್ ಇಳಿಸಿಕೊಳ್ಳಬೇಕಿದ್ದ ದಿನಗಳು ಪೂರ್ತಿ ಮುಗಿದಿರಲಿಲ್ಲ. ಬದಲಾವಣೆ ಆದದ್ದು ಅದರ ಮುಂದಿನ ವರ್ಷಗಳಲ್ಲಿ. ವಿಕಿಪೀಡಿಯದ ಕನ್ನಡ ಪುಟಗಳು ಬೆಳೆದವು, ಫೋನುಗಳು ಹುಟ್ಟುವಾಗಲೇ ಕನ್ನಡ ಕಲಿತು ಬಂದವು. ಅವರಿಗೆ ಇದನ್ನು ನೋಡಲು ಸಿಗಲಿಲ್ಲ. ರಾಜೇಶ್ವರಿಯವರು ‘ನನ್ನ ತೇಜಸ್ವಿ’ ಎಂಬ ದೊಡ್ಡ ಪುಸ್ತಕದಲ್ಲಿ ಅವರ ಜೊತೆಗಿನ ಬದುಕನ್ನು ಬರೆದಿಟ್ಟು, 2021ರಲ್ಲಿ ತೀರಿಕೊಂಡರು.

ಎಲ್ಲ ಸರಿಹೋಯಿತೇ ಅಂದರೆ ಇಲ್ಲ. ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡ ಪುಸ್ತಕ, ಪ್ರಬಂಧ, ಸ್ಮರಣ ಸಂಚಿಕೆಗಳು ಇನ್ನೂ ಲೆಕ್ಕವಿಲ್ಲದಷ್ಟು ಸಿಡಿಗಳಲ್ಲಿ, ಹಾರ್ಡ್‌ಡಿಸ್ಕುಗಳಲ್ಲಿ ಬಿದ್ದಿವೆ. ಅವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ, ಆದರೆ ಬದಲಿಸಿದ ಮೇಲೆ ಅರ್ಕಾವತ್ತು, ಒತ್ತು, ಅಂಕಿಗಳನ್ನು ಮನುಷ್ಯನೇ ಕೂತು ಒಮ್ಮೆ ಓದಬೇಕು. ಪ್ರತಿ ಊರಿನ ಶಾಲೆ, ಸಂಘ, ಪುಟ್ಟ ಪ್ರಕಾಶಕರ ಬಳಿ ಇಂಥ ಕಡತಗಳಿವೆ. ಈ ಸಲದ ನವೆಂಬರಿನಲ್ಲಿ ಆರ್ಕೆಸ್ಟ್ರಾ ಜೊತೆಗೆ ನಮ್ಮ ಕನ್ನಡ ಸಂಘ ಇದನ್ನೂ ಒಂದು ಕೆಲಸವಾಗಿ ಹಮ್ಮಿಕೊಳ್ಳಬಹುದಾ ಅಂತ ಸಮಿತಿಯವರನ್ನು ಕೇಳುತ್ತಿದ್ದೇನೆ. ಪರಿವರ್ತಕ ಬರೆಯೋಕೆ ಸಿ.ಎಸ್.ನವರು ಸಾಕು, ಓದಿ ತಿದ್ದೋಕೆ ಕನ್ನಡ ಬರುವ ಯಾವ ಬ್ರಾಂಚಿನವರಾದರೂ ಆಗುತ್ತೆ.

ಮುಂದಿನ ಸಲ ಸಕಲೇಶಪುರಕ್ಕೆ ಹೋದಾಗ ಅರ್ಧ ದಿನ ಉಳಿದರೆ ಕೋಟೆಯಿಂದ ಹಾಗೇ ವಾಪಸ್ ಬರಬೇಡಿ. ಮೂಡಿಗೆರೆಯ ಬಸ್ಸು ಹಿಡಿದು, ಅಲ್ಲಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕೊಟ್ಟಿಗೆಹಾರಕ್ಕೆ ಇಳಿಯಿರಿ. ಅಲ್ಲಿ ತೇಜಸ್ವಿ ಪ್ರತಿಷ್ಠಾನ ಇದೆ. ಮಳೆಗಾಲವಾದರೆ ಕೊಡೆ ಮರೆಯಬೇಡಿ, ನೀರುದೋಸೆ ತಿನ್ನದೆ ಬರಬೇಡಿ.